ಒಬ್ಬನೇ ಹೊರಟವನ ಲಾಭ-ನಷ್ಟ



'ದೇಶ ಸುತ್ತು, ಕೋಶ ಓದು' ಎನ್ನುವ ನಮ್ಮ ಹಿರಿಯರೇ, ಮಗನೋ ಮಗಳೋ ಒಬ್ಬರೇ ಹೊರಟರೆ 'ಜೊತೆಗೆ ಯಾರಿದ್ದಾರೆ?' ಎಂದು ಕೇಳುತ್ತಾರೆ. ಎರಡು ಮಾತಿನಲ್ಲೂ ಸತ್ಯವಿದೆ. ಅದನ್ನು ತೂಗಿ ನೋಡಲು ಏಳನೆಯ ಶತಮಾನದ ಚೀನೀ ಭಿಕ್ಷು ಹ್ಯೂಯೆನ್ ತ್ಸಾಂಗನ ಪ್ರವಾಸ ನೆರವಾಗುತ್ತದೆ.

ಭಾರತಕ್ಕೆ ಹೋಗಿ ಬೌದ್ಧ ಗ್ರಂಥಗಳನ್ನು ಮೂಲದಲ್ಲೇ ಓದಬೇಕೆಂಬುದು ಆತನ ಹಂಬಲ. ಗಡಿ ದಾಟಲು ಚಕ್ರವರ್ತಿಯ ಅಪ್ಪಣೆ ಸಿಗಲಿಲ್ಲ. ಬರುತ್ತೇವೆಂದಿದ್ದ ಭಿಕ್ಷುಗಳು ಹಿಂದೆಗೆದರು. ಸುಮಾರು ಕ್ರಿ.ಶ. 629ರಲ್ಲಿ ಆತ ಗುಟ್ಟಾಗಿ ಹೊರಟೇಬಿಟ್ಟ. ಒಂಟಿ ಪ್ರಯಾಣದ ಮೊದಲ ಲಾಭ ಇದೇ. ಹತ್ತು ಜನ ಒಪ್ಪಲಿ ಎಂದು ಕಾದಿದ್ದರೆ ಆತ ಹೊರಡುತ್ತಲೇ ಇರಲಿಲ್ಲ.

ನಷ್ಟವೂ ಬಹಳ ದೂರವಿರಲಿಲ್ಲ. ದಾರಿ ತೋರಿಸಲು ಬಂದವನು ನಡುರಾತ್ರಿ ಕತ್ತಿ ಹಿರಿದು ಹತ್ತಿರ ಬಂದ. ಕೊನೆಗೆ ಅರ್ಧದಾರಿಯಲ್ಲೇ ಬಿಟ್ಟುಹೋದ. ಮುಂದೆ ಗೋಬಿ ಮರುಭೂಮಿ. ಒಣಗಿದ ಎಲುಬು, ಲದ್ದಿಗಳೇ ದಾರಿಗುರುತು. ಅಲ್ಲಿ ನೀರಿನ ಚೀಲ ಕೈಜಾರಿ ಬಿತ್ತು. ಒಬ್ಬ ಜೊತೆಗಾರನಿದ್ದಿದ್ದರೆ ಅವನ ಚೀಲದಲ್ಲಾದರೂ ನೀರಿರುತ್ತಿತ್ತು. ನಾಲ್ಕೈದು ದಿನ ಹನಿ ನೀರಿಲ್ಲದೆ ನಡೆದ ಮೇಲೆ, ಆತನ ಮುದಿ ಕುದುರೆಯೇ ದಾರಿ ಬದಲಿಸಿ ಕೊಳವೊಂದಕ್ಕೆ ಒಯ್ದಿತೆಂದು ಶಿಷ್ಯ ಬರೆದ ಜೀವನಚರಿತ್ರೆ ಹೇಳುತ್ತದೆ.

ಹಾಗಾದರೆ ಗುಂಪಿನಲ್ಲಿ ಅಪಾಯವಿಲ್ಲವೆ? ಮುಂದೆ ತುರ್ಫಾನಿನ ಅರಸ ಆತನಿಗೆ ಆಳುಗಳನ್ನೂ ಕುದುರೆಗಳನ್ನೂ ಕೊಟ್ಟು ಕಳುಹಿಸಿದ. ಆದರೂ ಹಿಮಪರ್ವತ ದಾಟುವಾಗ ಹತ್ತರಲ್ಲಿ ಮೂರು-ನಾಲ್ಕು ಮಂದಿ ಸತ್ತರು. ಗುಂಪು ಧೈರ್ಯ ಕೊಡುತ್ತದೆ, ಚಳಿಯನ್ನು ತಡೆಯುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಗುಂಪಿನಲ್ಲಿ ಹೋಗುವವನು ತನ್ನ ಊರನ್ನೇ ಜೊತೆಗೆ ಕಟ್ಟಿಕೊಂಡು ಹೋಗುತ್ತಾನೆ. ಅವರದೇ ಮಾತು, ಅವರದೇ ಊಟ. ಒಬ್ಬನೇ ಹೋಗುವವನು ಮಾತ್ರ ಅಪರಿಚಿತರನ್ನು ಕೇಳಲೇಬೇಕು. ಗೋಬಿಯ ಕಾವಲುಗೋಪುರದಲ್ಲಿ ಸಿಕ್ಕಿಬಿದ್ದಾಗ, ಬಂಧಿಸಬೇಕಾಗಿದ್ದ ಅಧಿಕಾರಿಯೇ ಆಹಾರ, ನೀರು ಕೊಟ್ಟು ಮುಂದಿನ ದಾರಿ ಹೇಳಿದ. ಹಾಗೆ ಉಳಿದ ಜೀವವೇ ನಾಲಂದದಲ್ಲಿ ಓದಿತು, ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಬಣ್ಣಿಸಿತು, 645ರಲ್ಲಿ 657 ಗ್ರಂಥಗಳೊಡನೆ ತಾಯ್ನಾಡಿಗೆ ಮರಳಿತು.

ಆದ್ದರಿಂದ ಒಂಟಿ ಪ್ರಯಾಣಿಕನ ಕ್ಷೇಮ ಅವನ ಎಚ್ಚರದಲ್ಲಿ ಅರ್ಧ ಇದೆ. ಉಳಿದರ್ಧ ದಾರಿಯಲ್ಲಿರುವವರ ಕೈಯಲ್ಲಿದೆ. ಹೆಣ್ಣುಮಗಳೊಬ್ಬಳು ಒಬ್ಬಳೇ ಹೊರಟಾಗ ನಾವು ಅವಳಿಗಷ್ಟೇ ಬುದ್ಧಿ ಹೇಳುತ್ತೇವೆ. ಹೋಗುವ ಊರು, ಇಳಿಯುವ ಜಾಗ, ತಲುಪುವ ಹೊತ್ತು ಮನೆಯವರಿಗೆ ತಿಳಿದಿರಲಿ, ಅದು ವಿವೇಕ. ಆದರೆ ಅವಳು ನಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದು ದಾರಿ ಕೇಳಿದಾಗ ನಾವು ಯಾರು? ಕತ್ತಿ ಹಿರಿದ ಮಾರ್ಗದರ್ಶಿಯೋ, ನೀರು ಕೊಟ್ಟ ಕಾವಲುಗಾರನೋ? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು.