ಗಾಯದ ಲೆಕ್ಕ



ಕನ್ನಡದಲ್ಲಿ 'ನಂಜು' ಎಂಬ ಚಿಕ್ಕ ಮಾತೊಂದುಂಟು. ವಿಷವೆಂಬುದೇ ಅದರ ಅರ್ಥ. ವಿಷವನ್ನುಂಡ ಶಿವನು ನಮಗೆ ನಂಜುಂಡ. ಅವನ ಊರು ನಂಜನಗೂಡು. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡು ಕೀವು ತುಂಬಿದರೆ, 'ಗಾಯಕ್ಕೆ ನಂಜಾಯಿತು' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅವರು ಸೂಕ್ಷ್ಮದರ್ಶಕವನ್ನು ಕಂಡವರಲ್ಲ. ಆದರೂ ಗಾಯದೊಳಗೆ ಸೇರಬಾರದ್ದೇನೋ ಸೇರಿತೆಂಬುದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಮುಳ್ಳು ಮಾಡಿದ ಗಾಯದ ಮಾತು ಹಾಗಿರಲಿ. ರೋಗವನ್ನು ಕಳೆಯಬೇಕೆಂದು ವೈದ್ಯನೇ ಶಸ್ತ್ರದಿಂದ ಮಾಡಿದ ಗಾಯಕ್ಕೆ ನಂಜಾದರೆ ಏನು ಹೇಳೋಣ? ಅದನ್ನು ತಡೆಯುವುದು ಹೇಗೆ, ತಡೆದೆವೆಂದು ತಿಳಿಯುವುದು ಹೇಗೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ಉಪಾಧ್ಯಾಯ. ಈ ವಿಷಯ ನನ್ನನ್ನು ಹಿಡಿದದ್ದು ನಮ್ಮ ಮನೆಯ ಒಂದು ಪ್ರಸಂಗದಿಂದ.

ಊರಿನಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮಣ್ಣನಿಗೆ ಕೆಲವು ವರ್ಷಗಳ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಎಲ್ಲವೂ ಸುಸೂತ್ರವಾಗಿ ನಡೆದು ಮೂರನೆಯ ದಿನ ಮನೆಗೆ ಬಂದ. ಒಂಬತ್ತನೆಯ ದಿನ ಹೊಲಿಗೆಯ ಸುತ್ತ ಕೆಂಪಾಯಿತು. ಹನ್ನೊಂದನೆಯ ದಿನ ಕೀವು ಬಂತು. ದೂರದ ಆಸ್ಪತ್ರೆಗೆ ಮತ್ತೆ ಹೋಗಲು ಸಂಕೋಚಪಟ್ಟು, ಹತ್ತಿರದ ಊರಿನ ವೈದ್ಯರಲ್ಲಿಗೆ ಹೋದ. ಅವರು ಗಾಯವನ್ನು ಬಿಡಿಸಿ ಶುದ್ಧಿಮಾಡಿ, ದಿನವೂ ಪಟ್ಟಿ ಕಟ್ಟಿದರು. ಗಾಯ ಮಾಯುವುದಕ್ಕೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಮುಂಗಾರು ಬಂದು ಹೋಗಿತ್ತು. ಆ ವರ್ಷ ಹೊಲ ಬಿತ್ತಲಿಲ್ಲ. ಹಾಸಿಗೆಯ ಮೇಲೆ ಮಲಗಿ ಮಳೆಯ ಸದ್ದು ಕೇಳುತ್ತ ಅವನು ನನ್ನನ್ನೊಮ್ಮೆ ಕೇಳಿದ: "ತಮ್ಮಾ, ಆ ಆಸ್ಪತ್ರೆಯವರ ಪುಸ್ತಕದಲ್ಲಿ ನನ್ನ ವಿಚಾರ ಏನಂತ ಬರೆದಿದೆಯೋ?"

ಬೇರೆ ಕೆಲಸಕ್ಕೆಂದು ಹೋದಾಗ ನಾನು ವಿಚಾರಿಸಿದೆ. ಅಲ್ಲಿನವರು ಸೌಜನ್ಯದಿಂದಲೇ ಪುಸ್ತಕ ತೆಗೆದು ತೋರಿಸಿದರು. 'ಗುಣವಾಗಿ ಮನೆಗೆ ಹೋದರು' ಎಂದು ಬರೆದಿತ್ತು. ಅವರು ಸುಳ್ಳು ಬರೆದಿರಲಿಲ್ಲ. ಮೂರನೆಯ ದಿನ ಅವರು ಕಂಡದ್ದು ಅಷ್ಟೇ. ಹನ್ನೊಂದನೆಯ ದಿನದ ಕೀವು ಅವರ ಲೆಕ್ಕಕ್ಕೆ ಸೇರಲೇ ಇಲ್ಲ.

ಶಸ್ತ್ರಚಿಕಿತ್ಸೆಯ ಗಾಯವನ್ನು ಎಣಿಸುವುದರಲ್ಲಿರುವ ಮೊದಲ ತೊಡಕು ಇದು. ಚರ್ಮಕ್ಕೆ ತಗುಲಿದ ನಂಜು ಅನೇಕ ವೇಳೆ ರೋಗಿ ಮನೆ ಸೇರಿದ ಮೇಲೆಯೇ ತೋರಿಕೊಳ್ಳುತ್ತದೆ. ಆದ್ದರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಒಂದು ಅವಧಿಯನ್ನು ಗೊತ್ತುಮಾಡಿದ್ದಾರೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಆ ಜಾಗದಲ್ಲಿ ಸೋಂಕು ಕಂಡರೆ ಅದನ್ನು ಆ ಚಿಕಿತ್ಸೆಯ ಲೆಕ್ಕಕ್ಕೇ ಹಿಡಿಯಬೇಕು. ಕೃತಕ ಕೀಲನ್ನೋ ಬೇರೊಂದು ವಸ್ತುವನ್ನೋ ಒಳಗಿಟ್ಟ ಕೆಲವು ಚಿಕಿತ್ಸೆಗಳಲ್ಲಿ, ಒಳಗಿನ ಸೋಂಕಿಗೆ 90 ದಿನ. ಸೋಂಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡಿ ಮೂರು ಬಗೆ ಮಾಡುತ್ತಾರೆ: ಚರ್ಮದ ಮಟ್ಟದ್ದು, ಸ್ನಾಯುವಿನವರೆಗೆ ಹೋದದ್ದು, ಒಳಗಿನ ಅಂಗಕ್ಕೇ ತಗುಲಿದ್ದು.

ಎರಡನೆಯ ತೊಡಕು ಭಿನ್ನರಾಶಿಯದು. ನಮ್ಮ ಗಣಿತದ ಮೇಷ್ಟರು ಭಿನ್ನರಾಶಿಯಲ್ಲಿ ಮೇಲಿನದನ್ನು ಅಂಶವೆಂದೂ ಕೆಳಗಿನದನ್ನು ಛೇದವೆಂದೂ ಮಕ್ಕಳಿಗೆ ಹೇಳಿಕೊಡುತ್ತಾರೆ. ಛೇದವೆಂದರೆ ಕತ್ತರಿಸುವುದೆಂದೂ ಅರ್ಥ. ನಮ್ಮ ಪ್ರಸ್ತುತ ವಿಷಯದಲ್ಲಿ ಎರಡು ಅರ್ಥಗಳೂ ಒಂದಾಗಿವೆ: ಎಷ್ಟು ಜನರ ಮೈಮೇಲೆ ಶಸ್ತ್ರವಾಡಿತೋ ಅದೇ ಛೇದ, ಅವರಲ್ಲಿ ಎಷ್ಟು ಜನರ ಗಾಯಕ್ಕೆ ನಂಜಾಯಿತೋ ಅದು ಅಂಶ. 'ಹೋದ ತಿಂಗಳು ನಮ್ಮಲ್ಲಿ ಐದೇ ಗಾಯ ಕೆಟ್ಟವು' ಎಂದರೆ ಏನೂ ಹೇಳಿದಂತಾಗಲಿಲ್ಲ. ಐವತ್ತರಲ್ಲಿ ಐದೋ, ಐನೂರರಲ್ಲಿ ಐದೋ?

ಅಷ್ಟರಿಂದಲೂ ನ್ಯಾಯ ಸಲ್ಲುವುದಿಲ್ಲ. ಬುದ್ಧಿವಂತ ಮಕ್ಕಳನ್ನೇ ಆರಿಸಿ ಸೇರಿಸಿಕೊಳ್ಳುವ ಶಾಲೆಯ ಫಲಿತಾಂಶವನ್ನೂ, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆ? ಗಾಯಗಳಲ್ಲಿಯೂ ಹಾಗೆಯೇ. 1964ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಕಾಲದಿಂದ ಅವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಬಂದಿದೆ. ಹರ್ನಿಯಾದಂಥದು ಶುದ್ಧವಾದ ಗಾಯ. ಕರುಳು ಮೊದಲಾದವನ್ನು ಹತೋಟಿಯಲ್ಲಿಟ್ಟುಕೊಂಡು ತೆರೆದದ್ದು ಎರಡನೆಯದು. ಹೊಲಸು ಸೋರಿ ಮಲಿನವಾದದ್ದು ಮೂರನೆಯದು. ಮೊದಲೇ ಕೀವು ತುಂಬಿದ್ದು ನಾಲ್ಕನೆಯದು. ಆಯಾ ದರ್ಜೆಯನ್ನು ಆಯಾ ದರ್ಜೆಯೊಡನೆಯೇ ಹೋಲಿಸಬೇಕು.

ಇಷ್ಟೆಲ್ಲ ಲೆಕ್ಕವಿಟ್ಟು ಪ್ರಯೋಜನವೇನು, ಲೆಕ್ಕದಿಂದ ಗಾಯ ಮಾಯುತ್ತದೆಯೇ ಎಂದು ನೀವು ಕೇಳಬಹುದು. ಚರಿತ್ರೆಯನ್ನು ನೋಡೋಣ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನಿದ್ದ. 1865ರ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿದ್ದ ಹನ್ನೊಂದು ವರ್ಷದ ಹುಡುಗನೊಬ್ಬನ ಗಾಯಕ್ಕೆ ಅವನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದ. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಪಾಶ್ಚರ್ ಹೇಳಿದ್ದುದು ಅವನ ಮನಸ್ಸಿನಲ್ಲಿತ್ತು. ಹುಡುಗ ಕಾಲನ್ನು ಕಳೆದುಕೊಳ್ಳದೆ ಎದ್ದು ನಡೆದ. ಒಂದು ಗಾಯ ಮಾಯಿತೆಂದರೆ ಅದೃಷ್ಟವೆನ್ನಬಹುದಲ್ಲವೆ? ಅದಕ್ಕೇ ಲಿಸ್ಟರ್ ಎಣಿಸಿದ. ಹೊಸ ಕ್ರಮಕ್ಕೆ ಮೊದಲು ಅವನ ವಾರ್ಡಿನಲ್ಲಿ ಕೈಕಾಲು ಕತ್ತರಿಸಿದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಆಮೇಲಿನ 40 ಮಂದಿಯಲ್ಲಿ ಸತ್ತವರು 6 ಮಂದಿ. ಈ ಎರಡು ಸಾಲಿನ ಲೆಕ್ಕಕ್ಕಿರುವ ಬಲ ಎಂಥ ವಾಗ್ಮಿಯ ಮಾತಿಗೂ ಇಲ್ಲ.

ನೂರು ವರ್ಷ ಕಳೆದ ಮೇಲೆ ಕೆನಡಾ ದೇಶದ ಕ್ಯಾಲ್ಗರಿಯ ಒಂದು ಆಸ್ಪತ್ರೆಯಲ್ಲಿ ಕ್ರೂಸ್ ಎಂಬ ಶಸ್ತ್ರವೈದ್ಯರೂ ಫೋರ್ಡ್ ಎಂಬ ದಾದಿಯೂ ಸೇರಿ ಹತ್ತು ವರ್ಷ ಗಾಯಗಳನ್ನು ನೋಡುತ್ತ, ಬರೆಯುತ್ತ ಬಂದರು. 1980ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 62,939 ಗಾಯಗಳಿದ್ದುವು. ಶಸ್ತ್ರಚಿಕಿತ್ಸೆಗೆ ಮುಂಚೆ ಆ ಜಾಗವನ್ನು ಕ್ಷೌರದ ಕತ್ತಿಯಿಂದ ನುಣ್ಣಗೆ ಬೋಳಿಸುವುದು ಶುಚಿತ್ವವೆಂದು ಎಲ್ಲರೂ ನಂಬಿದ್ದ ಕಾಲ ಅದು. ಲೆಕ್ಕ ಬೇರೆಯದನ್ನೇ ಹೇಳಿತು. ಶುದ್ಧ ದರ್ಜೆಯ ಗಾಯಗಳಲ್ಲಿ ಬೋಳಿಸಿದವರಿಗೆ 100ಕ್ಕೆ 2.5ರಷ್ಟು ಸೋಂಕು; ಬೋಳಿಸದೆ, ಕತ್ತರಿಸದೆ ಬಿಟ್ಟವರಿಗೆ 0.9ರಷ್ಟು. ಕತ್ತಿಯ ಅಲಗು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ. ಆ ಗೀರುಗಳಲ್ಲಿ ಕ್ರಿಮಿಗಳು ಬೆಳೆಯುತ್ತವೆ. ಶುಚಿಯೆಂದು ಮಾಡಿದ್ದೇ ನಂಜಿಗೆ ಬಾಗಿಲಾಗಿತ್ತು. ಎಣಿಸದೆ ಇದ್ದಿದ್ದರೆ ಇದನ್ನು ಯಾರು ತಿಳಿಯುತ್ತಿದ್ದರು?

ನಮ್ಮಣ್ಣನಿಗೂ ಹಿಂದಿನ ಸಂಜೆ ಬ್ಲೇಡಿನಿಂದ ಬೋಳಿಸಿದ್ದರು. ಅದೇ ಕಾರಣವೆಂದು ನಾನು ಹೇಳಲಾರೆ. ಒಂದು ಗಾಯವನ್ನು ನೋಡಿ ಕಾರಣ ಹೇಳುವುದು ಊಹೆ. ಸಾವಿರ ಗಾಯಗಳನ್ನು ನೋಡಿ ಹೇಳುವುದು ತಿಳಿವಳಿಕೆ.

ಔಷಧದ ವಿಷಯದಲ್ಲೂ ಲೆಕ್ಕವೇ ಗುರುವಾಯಿತು. 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 2,847 ರೋಗಿಗಳನ್ನು ಪರಿಶೀಲಿಸಿದ್ದರು. ಶಸ್ತ್ರವಿಡುವ ಮುಂಚಿನ ಎರಡು ಗಂಟೆಗಳೊಳಗೆ ಆಂಟಿಬಯೋಟಿಕ್ ಕೊಟ್ಟವರಲ್ಲಿ 100ಕ್ಕೆ 0.6ರಷ್ಟು ಜನರಿಗೆ ಸೋಂಕು ತಗುಲಿತ್ತು. ಶಸ್ತ್ರಚಿಕಿತ್ಸೆ ಆರಂಭವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ 3.3. ಔಷಧ ಅದೇ, ಹೊತ್ತು ಬೇರೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಸುಮ್ಮನೆ ಹುಟ್ಟಿತೆ?

ಹೀಗೆ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೂಚನೆಗಳನ್ನು ಹೊರಡಿಸಿತು. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿ ಸೋಪು ಹಚ್ಚಿ ಸ್ನಾನ ಮಾಡಲಿ. ಬ್ಲೇಡು ಬೇಡ, ಕೂದಲು ತೆಗೆಯಲೇಬೇಕಾದರೆ ಕತ್ತರಿಸುವ ಯಂತ್ರದಿಂದ ತೆಗೆಯಲಿ. ಆಂಟಿಬಯೋಟಿಕ್ ಬೇಕಾದಲ್ಲಿ ಶಸ್ತ್ರವಿಡುವ ಮುಂಚಿನ 120 ನಿಮಿಷಗಳೊಳಗೆ ಕೊಡಲಿ. ನಂಜು ಬಾರದಿರಲೆಂದು ಚಿಕಿತ್ಸೆ ಮುಗಿದ ಮೇಲೆ ದಿನಗಟ್ಟಲೆ ಮುಂದುವರಿಸುವುದು ಬೇಡ. ಚರ್ಮವನ್ನು ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡೀನ್ ದ್ರಾವಣದಿಂದ ಶುದ್ಧಿಮಾಡಲಿ. ರೋಗಿಯ ಮೈ ತಣ್ಣಗಾಗದಂತೆಯೂ ರಕ್ತದ ಸಕ್ಕರೆ ಏರದಂತೆಯೂ ನೋಡಿಕೊಳ್ಳಲಿ.

ಇವು ದೊಡ್ಡ ದೇಶಗಳ ಆಸ್ಪತ್ರೆಗಳಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ. ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ 13,301 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು 2022ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯವನ್ನು ಹೊಲಿಯುವ ಮುನ್ನ ಕೈಗವಸುಗಳನ್ನೂ ಉಪಕರಣಗಳನ್ನೂ ಬದಲಾಯಿಸಬೇಕು. ಅಲ್ಲಿ ಮಾಡಿದ್ದು ಇಷ್ಟೇ. ಸೋಂಕು 100ಕ್ಕೆ 18.9ರಿಂದ 16ಕ್ಕೆ ಇಳಿಯಿತು. ಎಂಜಲು ಕೈಯಲ್ಲಿ ಬಡಿಸಬಾರದೆಂದು ಬಲ್ಲ ನಮಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿಯೂ ಗಾಯಾಳುವಿನ ಕೋಣೆಗೆ ಬೇವು ಸಾಸುವೆಗಳ ಧೂಪ ಹಾಕಬೇಕೆಂದಿದೆ; ವೈದ್ಯನು ಉಗುರು ಕೂದಲುಗಳನ್ನು ಕತ್ತರಿಸಿಕೊಂಡು ಶುಚಿಯಾಗಿರಬೇಕೆಂದಿದೆ. ಶುಚಿತ್ವದ ಆದರ್ಶ ನಮಗೆ ಹೊಸದಲ್ಲ. ನಾವು ರೂಢಿಸಿಕೊಳ್ಳಬೇಕಾದದ್ದು ಲೆಕ್ಕದ ಶಿಸ್ತು.

ಆದರೆ ಲೆಕ್ಕವೆಂದರೆ ಎಲ್ಲರಿಗೂ ಅಂಜಿಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ, ಸೋಂಕಿನ ಸಂಖ್ಯೆ ಕೇಳಿದೊಡನೆ ತಮ್ಮ ಮೇಲೆ ತಪ್ಪು ಹೊರಿಸಿದರೆಂದು ಆಸ್ಪತ್ರೆಯವರು ಭಾವಿಸುವುದುಂಟು. ಎಣಿಕೆ ದಂಡನೆಗಾಗಿ ಅಲ್ಲ, ತಿದ್ದಿಕೊಳ್ಳುವುದಕ್ಕಾಗಿ. ಸೋಂಕುಗಳನ್ನು ಕ್ರಮವಾಗಿ ಎಣಿಸಿ, ಆಯಾ ಶಸ್ತ್ರವೈದ್ಯರಿಗೆ ಅವರವರ ಲೆಕ್ಕವನ್ನು ತಿಳಿಸಿ, ತಡೆಯುವ ಕ್ರಮಗಳನ್ನೂ ಬಿಗಿಯಾಗಿ ನಡೆಸಿದ ಆಸ್ಪತ್ರೆಗಳಲ್ಲಿ ಸೋಂಕು ಮೂರರಲ್ಲೊಂದು ಪಾಲಿನಷ್ಟು ಇಳಿಯಿತೆಂದು 1985ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿದೆ. ಒಂದು ಸೋಂಕನ್ನೂ ಬರೆಯದ ಆಸ್ಪತ್ರೆಗಿಂತ, ನೂರಕ್ಕೆ ಇಷ್ಟು ಎಂದು ಧೈರ್ಯವಾಗಿ ಬರೆದಿಡುವ ಆಸ್ಪತ್ರೆಯನ್ನು ನಾನು ಹೆಚ್ಚು ನಂಬುತ್ತೇನೆ. ಎಲ್ಲ ಮಕ್ಕಳಿಗೂ ನೂರಕ್ಕೆ ನೂರು ಹಾಕಿದ ಮೇಷ್ಟರ ಅಂಕಪಟ್ಟಿಯನ್ನು ಯಾರು ತಾನೆ ನಂಬುತ್ತಾರೆ?

ಮನೆಯವರಾದ ನಮ್ಮ ಪಾಲಿನ ಕೆಲಸವೇನು? ಶಸ್ತ್ರಚಿಕಿತ್ಸೆ ಗೊತ್ತಾದಾಗ, ಸಕ್ಕರೆ ಕಾಯಿಲೆಯಿದ್ದರೆ ಮುಚ್ಚಿಡದೆ ಹೇಳೋಣ. ಬೀಡಿ ಸಿಗರೇಟು ಬಿಡೋಣ. ಮನೆಯಲ್ಲಿ ನಾವೇ ಬ್ಲೇಡು ಹಿಡಿಯುವುದು ಬೇಡ. ಗಾಯದ ಪಟ್ಟಿಯನ್ನು ಮುಟ್ಟುವ ಮುನ್ನ ಕೈ ತೊಳೆಯೋಣ. ಅರಿಸಿನ, ಬೂದಿ ಹಚ್ಚುವುದು ಬೇಡ. ಕೆಂಪು, ಬಿಸಿ, ಊತ, ಏರುತ್ತಿರುವ ನೋವು, ಕೀವು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸೋಣ. ಬೇರೆ ವೈದ್ಯರಿಗೆ ತೋರಿಸಿದರೂ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಒಂದು ಮಾತು ತಿಳಿಸೋಣ. ಇದು ದೂರಲ್ಲ, ಉಪಕಾರ.

ಕೊನೆಗೆ ನಮ್ಮಣ್ಣನ ಕಥೆಯನ್ನು ಮುಗಿಸುತ್ತೇನೆ. ಅವನ ಗಾಯದ ವಿಷಯ ಆಸ್ಪತ್ರೆಯ ಪುಸ್ತಕದಲ್ಲಿರಲಿಲ್ಲವಷ್ಟೆ. ಆದರೆ ಅದು ಒಂದು ಕಡೆ ಇತ್ತು. ನಮ್ಮ ಅತ್ತಿಗೆ ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ, ಅರ್ಧ ಲೀಟರು, ಒಂದು ಲೀಟರು ಎಂಬ ಗುರುತುಗಳ ನಡುವೆ, ಒಂದು ದಿನ 'ಗಾಯ ಕೆಂಪು' ಎಂದೂ, ಎರಡು ದಿನ ಬಿಟ್ಟು 'ಕೀವು' ಎಂದೂ ಬರೆದಿಟ್ಟಿದ್ದರು. ಆ ತಾರೀಖುಗಳನ್ನು ಕಾಗದದಲ್ಲಿ ಬರೆದು ನಾನು ಆಸ್ಪತ್ರೆಗೆ ಕಳುಹಿಸಿದೆ. ಮುಂದಿನ ಬಾರಿ ಹೋದಾಗ ಶಸ್ತ್ರವೈದ್ಯರು ನನ್ನನ್ನು ಕರೆದು ಕೂರಿಸಿ, ಪುಸ್ತಕ ತೆಗೆದು, 'ಗುಣವಾಗಿ ಮನೆಗೆ ಹೋದರು' ಎಂಬುದರ ಪಕ್ಕದಲ್ಲಿ ತಮ್ಮ ಕೈಯಿಂದಲೇ 'ಹನ್ನೊಂದನೆಯ ದಿನ ಸೋಂಕು' ಎಂದು ಬರೆದರು. "ಇಂಥವು ಇನ್ನೆಷ್ಟಿವೆಯೋ ಮೇಷ್ಟ್ರೇ, ನಮಗೆ ತಿಳಿಯುವುದೇ ಇಲ್ಲ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ.

ನಿಮ್ಮ ಮನೆಯಲ್ಲೂ ಗೋಡೆಯ ಮೇಲೆ ಒಂದು ಕ್ಯಾಲೆಂಡರು ಇದ್ದೇ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯಾದರೆ, ಹಾಲಿನ ಲೆಕ್ಕದ ಪಕ್ಕದಲ್ಲಿ ಮೂವತ್ತು ದಿನ ಗಾಯದ ಲೆಕ್ಕವನ್ನೂ ಬರೆಯಿರಿ.