ಎಲ್ಲಿ ಕೂತರೆ ಏನು ಕೇಳಿಸುತ್ತದೆ



ಕಬ್ಬು ಬೆಳೆಗಾರರ ಸಭೆಗಳು ಸಮೀರವಾಡಿಯ ಸುತ್ತಲಿನ ನಮಗೆ ಹೊಸವಲ್ಲ. ಶಾಮಿಯಾನ, ಎತ್ತರದ ವೇದಿಕೆ, ಬಿಳಿ ಬಟ್ಟೆ ಹೊದಿಸಿದ ಮೇಜು, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅಧಿಕಾರಿ ಗೊಬ್ಬರದ ಪ್ರಮಾಣ, ಹನಿ ನೀರಾವರಿ, ಹೊಸ ತಳಿ ಎಲ್ಲ ಹೇಳಿ ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದರೆ ಯಾರೂ ಏಳುವುದಿಲ್ಲ. ಸಭೆ ಮುಗಿದು ಚಹಾದ ಕಪ್ಪು ಕೈಗೆ ಬಂದಾಗ ಒಬ್ಬ ರೈತ ಅದೇ ಅಧಿಕಾರಿಯ ಮಗ್ಗಲಿಗೆ ಬಂದು ನಿಲ್ಲುತ್ತಾನೆ. "ಸಾಹೇಬ್ರ, ಕುಳೆ ಕಬ್ಬಿಗೆ ಗೊಣ್ಣೆಹುಳ ಬಿದ್ದೈತ್ರಿ. ರವದಿ ಸುಡಬ್ಯಾಡ ಅಂತೀರಿ. ಹಂಗಾರ ಹುಳ ಹೋಗೂದು ಹೆಂಗ್ರಿ?" ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅದು. ಆದರೆ ಅದು ಕೇಳಿಸಿದ್ದು ಒಬ್ಬರಿಗೆ ಮಾತ್ರ.

ರೈತರಿಗೆ ಧೈರ್ಯ ಸಾಲದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕುರ್ಚಿಯಲ್ಲಿದ್ದಾಗ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಮುಂದಿನವರ ಬೆನ್ನು. ಮಾತಾಡಬೇಕೆಂದರೆ ಎದ್ದು ನಿಲ್ಲಬೇಕು, ಮೈಕು ಬರುವ ತನಕ ಕಾಯಬೇಕು, ಎಲ್ಲರೂ ಕುತ್ತಿಗೆ ಹೊರಳಿಸಿ ನೋಡುವುದನ್ನು ತಡೆದುಕೊಳ್ಳಬೇಕು. ಮಗ್ಗಲಿಗೆ ನಿಂತಾಗ ಇವು ಯಾವುವೂ ಇಲ್ಲ. ಆ ಮನುಷ್ಯ ಅವನೇ, ಮನಸ್ಸೂ ಅದೇ. ಬದಲಾದದ್ದು ಜಾಗ.

ಜಾಗದ ಈ ಪ್ರಭಾವವನ್ನು ದೂರದ ಕೆನಡಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ಕಣ್ಣಿಟ್ಟು ನೋಡಿದವರಿದ್ದಾರೆ. ಅದು ಸಸ್ಕಾಚವಾನ್ ಪ್ರಾಂತದ ಆಸ್ಪತ್ರೆ. ವೈದ್ಯ ಹಂಫ್ರಿ ಆಸ್ಮಂಡ್ ಮತ್ತು ಮನೋವಿಜ್ಞಾನಿ ರಾಬರ್ಟ್ ಸೊಮ್ಮರ್ ಅಲ್ಲಿ ಕೆಲಸ ಮಾಡುತ್ತಿದ್ದರು. ವೃದ್ಧೆಯರ ವಾರ್ಡಿನಲ್ಲಿ ಕುರ್ಚಿಗಳನ್ನು ಗೋಡೆಗುಂಟ ಸಾಲಾಗಿ ಇಟ್ಟಿದ್ದರು. ಕಸ ಹೊಡೆಯಲು ಅದು ಅನುಕೂಲ. ಆದರೆ ಅಜ್ಜಿಯರು ದಿನವಿಡೀ ಒಬ್ಬರ ಪಕ್ಕ ಒಬ್ಬರು ಮಾತಿಲ್ಲದೆ ಕೂತಿರುತ್ತಿದ್ದರು. ಸಣ್ಣ ಸಣ್ಣ ಮೇಜು ತಂದು, ಸುತ್ತ ಕುರ್ಚಿ ಹಾಕಿದರು. ಮೊದಮೊದಲು ಅಜ್ಜಿಯರಿಗೇ ಅದು ಸರಿಬರಲಿಲ್ಲ. ಕೆಲವು ವಾರಗಳಲ್ಲಿ ಮಾತುಕತೆ ಎದ್ದು ಕಾಣುವಷ್ಟು ಹೆಚ್ಚಿತು. ಸೊಮ್ಮರ್ ಇನ್ನೊಂದು ಸಂಗತಿಯನ್ನೂ ಗುರುತಿಸಿದರು. ಮೇಜಿನ ಎದುರುಬದುರು ಕೂತವರಿಗಿಂತ, ಪಕ್ಕಪಕ್ಕ ಕೂತವರಿಗಿಂತ, ಮೂಲೆಯ ಆಚೆ ಈಚೆ ಕೂತವರು ಹೆಚ್ಚು ಮಾತಾಡುತ್ತಾರೆ. ಬೇಕೆಂದಾಗ ಮುಖ ನೋಡಬಹುದು, ಬೇಡವೆಂದಾಗ ಕಣ್ಣು ತಪ್ಪಿಸಬಹುದು. ನಮ್ಮ ಕಟ್ಟೆಯ ಮೂಲೆಯಲ್ಲಿ ಹಿರಿಯರು ಕೂಡುವ ರೀತಿಯನ್ನು ಒಮ್ಮೆ ಲಕ್ಷ್ಯಕೊಟ್ಟು ನೋಡಿ, ಇದೇ ಕಾಣುತ್ತದೆ.

ಇನ್ನು ಸಾಲಿಯ ಮಾತಿಗೆ ಬರೋಣ. ಕರ್ನಾಟಕ ಈ ವಿಷಯದಲ್ಲಿ ಯಾರಿಂದಲೂ ಹೇಳಿಸಿಕೊಳ್ಳಬೇಕಾದ ನಾಡಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಅದು. ಅದರ ಕಾರ್ಡುಗಳು, ಕಲಿಕಾ ಏಣಿ ಎಲ್ಲರ ಬಾಯಲ್ಲಿವೆ. ನನಗೆ ಹೆಚ್ಚಿನದಾಗಿ ಕಾಣುವುದು ಆ ಕೋಣೆಯ ನೆಲ ಮತ್ತು ಗೋಡೆ. ಮಕ್ಕಳು ಐದು ಗುಂಪಾಗಿ ಕೂಡುತ್ತಾರೆ. ಗುಂಪಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧಮರ್ಧ, ಎರಡು ತಟ್ಟೆಗಳಲ್ಲಿ ಸಹಪಾಠಿಗಳೇ ಹೇಳಿಕೊಡುತ್ತಾರೆ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಮಗು ಕಲಿತಂತೆ ಅದರ ಜಾಗವೂ ಬದಲಾಗುತ್ತದೆ. ಕರಿಹಲಗೆ ಗೋಡೆಯ ಬುಡಕ್ಕೆ, ಮಗುವಿನ ಕೈಗೆ ಎಟಕುವಷ್ಟು ಕೆಳಗೆ ಇಳಿದಿದೆ. ಮಕ್ಕಳು ಮಾಡಿದ ಚಿತ್ರ, ಬರಹ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತವೆ. ಎಲ್ಲಕ್ಕಿಂತ ಮುಖ್ಯ, ಅಕ್ಕೋರು ಕೆಳಗೆ ಕೂಡುತ್ತಾರೆ. ಅಕ್ಕೋರ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಬಂದಾಗ, ತಪ್ಪು ಓದಿದ ಅಕ್ಷರದ ಮೇಲೆ ಮಗು ತಾನೇ ಬೆರಳಿಟ್ಟು "ಇದು ಏನ್ರಿ ಅಕ್ಕೋರ?" ಎಂದು ಕೇಳುತ್ತದೆ. ನಿಂತವರ ಮುಂದೆ ಆ ಬೆರಳು ಏಳುವುದಿಲ್ಲ.

ನಲಿಕಲಿ ಮುಗಿಸಿ ಮಗು ನಾಲ್ಕನೇ ಇಯತ್ತೆಗೆ ಬಂದರೆ ಮತ್ತೆ ಬೆಂಚು, ಸಾಲು. ದುಂಡಗೆ ಕೂತು ಬೆಳೆದ ಮಗುವಿಗೆ ಬೆನ್ನು ನೋಡುವುದನ್ನು ಕಲಿಸುತ್ತೇವೆ. ಈ ಬದಲಾವಣೆಗೆ ಮಗುವನ್ನು ಯಾರೂ ಸಿದ್ಧಗೊಳಿಸುವುದಿಲ್ಲ ಎಂಬುದು ನನ್ನ ಕಳವಳ.

ಹಾಗೆಂದು ಸಾಲುಗಳನ್ನೆಲ್ಲ ಕಿತ್ತುಹಾಕಿ ಎಂದು ನಾನು ಹೇಳಲಾರೆ. ಒಬ್ಬೊಬ್ಬರೇ ಮಾಡಬೇಕಾದ ಕೆಲಸಕ್ಕೆ, ಲೆಕ್ಕ ಬಿಡಿಸಲು, ಶುದ್ಧ ಬರೆಯಲು ಸಾಲೇ ಮೇಲು. ಇದನ್ನು ಸಂಶೋಧನೆಗಳೂ ಹೇಳುತ್ತವೆ. ಕೇರಳದಲ್ಲಿ 2024ರ ಕೊನೆಗೆ ಬಂದ 'ಸ್ಥಾನಾರ್ಥಿ ಶ್ರೀಕುಟ್ಟನ್' ಸಿನಿಮಾ ನೋಡಿ, ಮರುವರ್ಷ ಹಲವು ಶಾಲೆಗಳು ಮೂರು ಗೋಡೆಗೆ ಬೆಂಚು ಸರಿಸಿ ಹಿಂದಿನ ಬೆಂಚನ್ನೇ ಇಲ್ಲವಾಗಿಸಿದವು. ಆ ಉತ್ಸಾಹ ದೊಡ್ಡದು. ಆದರೆ ಅಕ್ಕಪಕ್ಕದ ಗೋಡೆಗೆ ಕೂತ ಮಗು ಇಡೀ ದಿನ ಕುತ್ತಿಗೆ ಹೊರಳಿಸಿ ಹಲಗೆ ನೋಡಬೇಕಾಗುತ್ತದೆ, ಅರವತ್ತು ಮಕ್ಕಳ ಕೋಣೆಯಲ್ಲಿ ಬೆಂಚೇ ಹಿಡಿಸುವುದಿಲ್ಲ. ಕೆಲಸಕ್ಕೆ ತಕ್ಕಂತೆ ಬೆಂಚು ಸರಿಯಬೇಕು. ಮಕ್ಕಳೇ ಎತ್ತಿ ಸರಿಸುವಷ್ಟು ಹಗುರವಿದ್ದರೆ ಎರಡು ನಿಮಿಷದ ಕೆಲಸ.

ಕಣ್ಣಿನಷ್ಟೇ ಕಿವಿಯದೂ ಮಾತಿದೆ. ಮಾತಾಡುವವರಿಂದ ದೂರ ಎರಡು ಪಟ್ಟಾದರೆ ಅವರ ನೇರ ದನಿ 6 ಡೆಸಿಬಲ್ ಇಳಿಯುತ್ತದೆ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಮ್ಮಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಿಯ ಮುಂದೆಯೇ ಸಾಗುತ್ತವೆ. ತಗಡಿನ ಮಾಡು, ಬರಿ ಗೋಡೆ, ಫರಸಿ ನೆಲದ ಕೋಣೆಯಲ್ಲಿ ಮಾಸ್ತರರ ಒಂದು ಮಾತಿನ ಬಾಲ ಇನ್ನೊಂದು ಮಾತಿನ ತಲೆಯ ಮೇಲೆ ಬೀಳುತ್ತದೆ. 1895ರಲ್ಲಿ ಹಾರ್ವರ್ಡಿನ ಹೊಸ ಉಪನ್ಯಾಸ ಮಂದಿರದಲ್ಲೂ ಇದೇ ಗೋಳು. ದನಿ ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ವಾಲೇಸ್ ಸೆಬೈನ್ ಎಂಬ ತರುಣ ಅಧ್ಯಾಪಕ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಅಳೆದು, ಮೆತ್ತನೆಯದು ಸದ್ದನ್ನು ಹೀರುತ್ತದೆಂದು ಲೆಕ್ಕ ಸಮೇತ ತೋರಿಸಿದ. ಒಬ್ಬ ಮನುಷ್ಯ ಸುಮಾರು ಆರು ಮೆತ್ತೆಗಳಷ್ಟು ಸದ್ದು ಹೀರುತ್ತಾನಂತೆ! ಹಾಗಾಗಿ ಸಾಲಿಗೆ ಕೊಡುಗೆ ಕೊಡುವ ಹಿರಿಯರಲ್ಲಿ ನನ್ನ ವಿನಂತಿ: ಇನ್ನೊಂದು ಗೋಡೆ ಗಡಿಯಾರ ಬೇಡ, ದಪ್ಪ ಜಮಖಾನ ಕೊಡಿ.

ಹಂಗಾಮಿನ ಮಾತು ಬಂತು, ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಮಹಾರಾಷ್ಟ್ರದಿಂದ, ತಾಂಡಾಗಳಿಂದ ಬರುವ ಮಕ್ಕಳಲ್ಲಿ ಕೆಲವರಾದರೂ ನಮ್ಮ ಸಾಲಿಯ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಅರ್ಧ ವರ್ಷ ಮುಗಿದಿರುತ್ತದೆ. ಜಾಗಗಳೆಲ್ಲ ತುಂಬಿವೆ. ಉಳಿದಿರುವುದು ಬಾಗಿಲ ಬಳಿಯ ಕೊನೆಯ ಬೆಂಚು. ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡುವ ಮಗು ಕನ್ನಡವನ್ನು ಹಿಡಿಯಬೇಕಾದರೆ ಮಾಸ್ತರರ ತುಟಿ ಕಾಣಬೇಕು, ಕೈಸನ್ನೆ ಕಾಣಬೇಕು. ಗದ್ದಲದಲ್ಲಿ ತಾಯ್ನುಡಿಯ ತುಂಡು ಮಾತನ್ನು ನಾವು ಊಹೆಯಿಂದ ತುಂಬಿಕೊಳ್ಳುತ್ತೇವೆ, ಹೊಸ ಭಾಷೆಯಲ್ಲಿ ಆ ಊಹೆ ನಡೆಯುವುದಿಲ್ಲ. ಅತಿ ಹತ್ತಿರ ಇರಬೇಕಾದ ಮಗುವನ್ನು ಅತಿ ದೂರ, ಟ್ರ್ಯಾಕ್ಟರಿನ ಸದ್ದಿಗೆ ಅತಿ ಸಮೀಪ ಕೂಡಿಸುತ್ತೇವೆ. ಎರಡು ತಿಂಗಳ ಮೇಲೆ ಆ ಮಗು ದಡ್ಡ ಎಂಬ ಹೆಸರು ಹೊರುತ್ತದೆ. ಇದಕ್ಕಿಂತ ಅನ್ಯಾಯ ಯಾವುದು?

ಸರ್ಕಾರದ ಆದೇಶ ಬೇಡ, ಹಣ ಬೇಡ. ದೀಪಾವಳಿ ರಜೆ ಮುಗಿದು ಸಾಲಿ ತೆರೆದ ದಿನವೇ ಎರಡನೆಯ ಸಾಲಿನ ನಡುವೆ ಒಂದೆರಡು ಜಾಗ ಖಾಲಿ ಇಡಿ. ಬರುವ ಮಗುವಿನ ಪಕ್ಕ ರಬಕವಿ, ಬನಹಟ್ಟಿ, ಜಮಖಂಡಿ ಕಡೆಯ, ಮರಾಠಿಯೂ ಬರುವ ಒಂದು ಮಗುವನ್ನು ಕೂಡಿಸಿ. ಅಂಥ ಮಕ್ಕಳಿಗೆ ನಮ್ಮಲ್ಲಿ ಬರವಿಲ್ಲ. ಬಾಗಿಲ ಬಳಿಯ ಬೆಂಚಿಗೆ ಓದಿನಲ್ಲಿ ಗಟ್ಟಿಯಿರುವವರನ್ನು ವಾರಕ್ಕೊಬ್ಬರಂತೆ ಕಳಿಸಿ. ಮುಂದಿನ ಹಂಗಾಮಿಗೆ ಈ ಸಭೆಯಲ್ಲಿರುವ ಮಾಸ್ತರರು, ಅಕ್ಕೋರು ಇದನ್ನು ಮಾಡಿ ನೋಡಿ, ಕಂಡದ್ದನ್ನು ಇಲ್ಲಿಯೇ ಬಂದು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.