ಒಂದು ವ್ಯಾಗನ್‌ಗಾಗಿ ಹೊರಡುವ ರೈಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ಸ್ವಾಗತ ಸಮಿತಿಯವರು ಅಂದುಕೊಂಡಿದ್ದರು. ಆದರೆ ಫೋನಿನಲ್ಲಿ "ನಿನಗೆ ಇಷ್ಟವಾದ ವಿಷಯ ಮಾತಾಡಪ್ಪ" ಎಂದುಬಿಟ್ಟರು. ಅದೇ ತಪ್ಪಾಯಿತು. ನಾನು ಈಗ ಹದಿನೈದು ನಿಮಿಷ ಆಟದ ರೈಲಿನ ಬಗ್ಗೆ ಮಾತಾಡಲಿದ್ದೇನೆ. ದಯವಿಟ್ಟು ಸಹಿಸಿಕೊಳ್ಳಬೇಕು.

ನಮ್ಮೂರಿಗೆ ರೈಲಿಲ್ಲ. ನಾನು ಮೊದಲ ಬಾರಿ ಎಂಜಿನ್ ಮುಟ್ಟಿ ನೋಡಿದ್ದು ಒಂಬತ್ತನೇ ತರಗತಿಯ ಪ್ರವಾಸದಲ್ಲಿ, ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ. ಅಂದು ಹತ್ತಿದ ಹುಚ್ಚು ಇಳಿಯಲಿಲ್ಲ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಎರಡು ವರ್ಷದ ಕೆಲಸಕ್ಕೆ ಕಳಿಸಿದರು. ಅಲ್ಲಿ ರಜಾದಿನಗಳಲ್ಲಿ ಬೇರೆಯವರು ನಯಾಗರ ನೋಡಲು ಹೋದರೆ, ನಾನು ಜೋಳದ ಹೊಲಗಳ ನಡುವೆ ತೆವಳುತ್ತಾ ಹೋಗುವ ಪುಟ್ಟ ಗೂಡ್ಸ್ ರೈಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಅವನ್ನು ಅಲ್ಲಿ ಶಾರ್ಟ್‌ಲೈನ್ ಎನ್ನುತ್ತಾರೆ.

ಶಾರ್ಟ್‌ಲೈನ್ ಎಂದರೇನು? ನಮ್ಮಲ್ಲಿ ಇಡೀ ದೇಶಕ್ಕೆ ಹೆಚ್ಚುಕಡಿಮೆ ಒಂದೇ ರೈಲ್ವೆ, ಸರ್ಕಾರದ್ದು. ಅಮೆರಿಕದಲ್ಲಿ ಸರಕು ಸಾಗಿಸುವ ರೈಲು ಮಾರ್ಗಗಳು ಖಾಸಗಿ ಕಂಪನಿಗಳ ಕೈಯಲ್ಲಿವೆ. ಕೆಲವು ಕಂಪನಿಗಳು ಅರ್ಧ ದೇಶ ದಾಟುವಷ್ಟು ದೊಡ್ಡವು. ಇನ್ನು ಕೆಲವು ಒಂದು ತಾಲ್ಲೂಕನ್ನೂ ದಾಟದ ಚಿಕ್ಕವು. ಈ ಚಿಕ್ಕವು ಇಂದು ಸುಮಾರು 600 ಇವೆ. ಹಳ್ಳಿಯ ಹಿಟ್ಟಿನ ಗಿರಣಿ, ಮರದ ಅಡ್ಡೆ, ಗೊಬ್ಬರದ ಗೋದಾಮುಗಳಿಂದ ಒಂದೊಂದೇ ವ್ಯಾಗನ್ ಎಳೆದು ತಂದು ದೊಡ್ಡ ರೈಲಿಗೆ ಜೋಡಿಸುವುದು ಇವುಗಳ ಕೆಲಸ.

ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ಹೇಗೆ ಗೊತ್ತೇ? ಅಮೆರಿಕದ ರೈಲು ಮಾರ್ಗದ ಒಟ್ಟು ಉದ್ದ 1916ರಲ್ಲಿ ತುತ್ತತುದಿ ಮುಟ್ಟಿತ್ತು, ಸುಮಾರು 2,54,000 ಮೈಲಿ. ಆಮೇಲೆ ಲಾರಿಗಳು ಬಂದವು, ಹೆದ್ದಾರಿಗಳು ಬಂದವು. ದೊಡ್ಡ ಕಂಪನಿಗಳು ನಷ್ಟಕ್ಕಿಳಿದವು. 1970ರಲ್ಲಿ ಪೆನ್ ಸೆಂಟ್ರಲ್ ಎಂಬ ದೈತ್ಯ ಕಂಪನಿಯೇ ದಿವಾಳಿಯಾಯಿತು. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಟ್ಯಾಗರ್ಸ್ ಕಾಯಿದೆಗೆ ಸಹಿ ಹಾಕಿದರು. ರೈಲ್ವೆಗಳ ಮೇಲಿದ್ದ ಬಹಳಷ್ಟು ಕಟ್ಟುಪಾಡುಗಳು ಸಡಿಲವಾದವು. ದೊಡ್ಡವರು ತಮಗೆ ಲಾಭವಿಲ್ಲದ ಕವಲು ಮಾರ್ಗಗಳನ್ನು ಮಾರತೊಡಗಿದರು. ಅದನ್ನು ಕೊಂಡವರು ಹಳೆಯ ಎಂಜಿನ್ನಿಗೆ ಹೊಸ ಬಣ್ಣ ಬಳಿದು, ನಾಲ್ಕಾರು ಜನರನ್ನಿಟ್ಟುಕೊಂಡು, ಅದೇ ಹಳಿಯ ಮೇಲೆ ರೈಲು ಓಡಿಸಿದರು. ದೊಡ್ಡವರ ಲೆಕ್ಕದಲ್ಲಿ ನಷ್ಟವಾಗಿದ್ದದ್ದು ಚಿಕ್ಕವರ ಲೆಕ್ಕದಲ್ಲಿ ಹೇಗೋ ಸರಿದೂಗಿತು. ಕಾರಣ ಸರಳ. ದೊಡ್ಡ ಕಂಪನಿಗೆ ಗಿರಣಿಯವನು ಒಂದು ಸಂಖ್ಯೆ. ಚಿಕ್ಕ ಕಂಪನಿಗೆ ಅವನು ಹೆಸರು ಗೊತ್ತಿರುವ ಗಿರಾಕಿ, ಅವನ ಒಂದು ವ್ಯಾಗನ್‌ಗಾಗಿಯೂ ಎಂಜಿನ್ ಹೊರಡುತ್ತದೆ.

ಭಾರತಕ್ಕೆ ಮರಳುವಾಗ ನನ್ನ ಸೂಟ್‌ಕೇಸಿನಲ್ಲಿ ಚಾಕೊಲೇಟ್ ಕಡಿಮೆ, ಹಳಿ ಜಾಸ್ತಿ ಇತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಸಿ, ದುಂಡಗೆ ಹಳಿ ಕೂಡಿಸಿ ರೈಲು ಬಿಟ್ಟೆ. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಮೊದಲ ಮಳೆಗಾಲಕ್ಕೆ ಪ್ಲೈವುಡ್ ಹಪ್ಪಳದಂತೆ ಸೊಟ್ಟಗಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವಳು ನನ್ನ ನಾಲ್ಕು ವರ್ಷದ ಮಗಳು. "ಅಪ್ಪಾ, ಈ ರೈಲು ಯಾರ ಮನೆಗೆ ಹೋಗ್ತಿದೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಯಾರ ಮನೆಗೂ ಹೋಗುತ್ತಿರಲಿಲ್ಲ.

ಆ ಪ್ರಶ್ನೆಯಿಂದಾಗಿ ಎಲ್ಲವನ್ನೂ ಕಿತ್ತು ಹೊಸದಾಗಿ ಶುರುಮಾಡಿದೆ. ಈ ಸಲ ಗೋಡೆಗೆ ಹತ್ತಿಸಿದ ಎಂಟಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಮಾತ್ರ. ಅದರ ಮೇಲೆ ಪೆನ್ಸಿಲ್ವೇನಿಯಾದ ಒಂದು ಕಾಲ್ಪನಿಕ ಶಾರ್ಟ್‌ಲೈನಿನ ಕೊನೆಯ ಊರು.

ಇಲ್ಲಿ ಸ್ವಲ್ಪ ಗಣಿತ ಬರುತ್ತದೆ, ಮಕ್ಕಳು ಗಮನಿಸಿ. ನಾನು ಬಳಸುವ ಅಳತೆಗೆ ಎಚ್‌ಒ ಎನ್ನುತ್ತಾರೆ. ನಿಜದ 87 ಅಡಿ ಇಲ್ಲಿ ಒಂದಡಿ. ಅಮೆರಿಕದ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, 87ರಿಂದ ಭಾಗಿಸಿ ನೋಡಿ, 16.5 ಬರುತ್ತದೆ. ಐವತ್ತಡಿಯ ವ್ಯಾಗನ್ ಏಳಿಂಚಿಗೆ ಇಳಿಯುತ್ತದೆ. ಆರಡಿ ಮನುಷ್ಯ 21 ಮಿಲಿಮೀಟರ್ ಆಗುತ್ತಾನೆ. ಆದರೆ ಒಂದು ಮೈಲಿ ಹಳಿಗೆ ಈ ಅಳತೆಯಲ್ಲೂ ಅರವತ್ತಡಿ ಜಾಗ ಬೇಕು! ಹಾಗಾಗಿ ದೊಡ್ಡ ರೈಲ್ವೆಯನ್ನು ಮನೆಯಲ್ಲಿ ಕಟ್ಟಲು ಹೊರಟರೆ ಅದರ ಒಂದು ಚೂರಷ್ಟೇ ಸಿಗುತ್ತದೆ. ಶಾರ್ಟ್‌ಲೈನ್ ಹಾಗಲ್ಲ. ಒಂದು ಎಂಜಿನ್, ನಾಲ್ಕೈದು ವ್ಯಾಗನ್, ಒಂದು ಗಿರಣಿ, ಹುಲ್ಲು ಬೆಳೆದ ಹಳಿ. ಅದರ ಬದುಕೇ ಒಂದು ಹಲಗೆಯ ಮೇಲೆ ಹಿಡಿಸುತ್ತದೆ.

ಸಾಮಗ್ರಿ ಎಲ್ಲಿಂದ ಎಂದು ಎಲ್ಲರೂ ಕೇಳುತ್ತಾರೆ. ಎಂಜಿನ್ ಮತ್ತು ಹಳಿಗೆ ದುಡ್ಡು ಬೇಕು, ಸುಳ್ಳು ಹೇಳುವುದಿಲ್ಲ. ಉಳಿದದ್ದೆಲ್ಲ ಮನೆಯಲ್ಲೇ ಇದೆ. ಗಿರಣಿಯ ಗೋಡೆಗಳು ಮದುವೆ ಕಾಗದದ ದಪ್ಪ ರಟ್ಟಿನವು. ಮರದ ದಿಮ್ಮಿಗಳು ಊದುಬತ್ತಿಯ ಕಡ್ಡಿಗಳು. ನೆಲಕ್ಕೆ ಸೋಸಿ ಒಣಗಿಸಿದ ಚಹಾ ಪುಡಿ. ಹಳಿಯ ನಡುವಿನ ಜಲ್ಲಿಗೆ ಜರಡಿ ಹಿಡಿದ ಮರಳು. ಅದನ್ನು ಕೂರಿಸುವುದು ನೀರು ಬೆರೆಸಿದ ಫೆವಿಕಾಲ್. ಅದಕ್ಕೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಹಾಕಬೇಕು, ಇಲ್ಲವಾದರೆ ಅಂಟು ಮರಳಿನೊಳಗೆ ಇಳಿಯದೆ ಮುತ್ತಿನಂತೆ ಮೇಲೇ ನಿಲ್ಲುತ್ತದೆ. ಯಾಕೆ ಎಂಬುದನ್ನು ವಿಜ್ಞಾನದ ಮೇಡಂ ಹೇಳುತ್ತಾರೆ, ಮೇಲ್ಮೈ ಎಳೆತದ ಪಾಠದಲ್ಲಿದೆ.

ನನ್ನ ಎಂಜಿನ್ ಅಂಗೈ ಮೇಲೆ ಕೂರುತ್ತದೆ. ನಿಜವಾದದ್ದನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ 1940ರಿಂದ 1956ರವರೆಗೆ ತಯಾರಿಸಿತು. ತೂಕ ಸರಿಯಾಗಿ 44 ಟನ್. 45 ಯಾಕಲ್ಲ? 1937ರ ಒಂದು ಕಾರ್ಮಿಕ ಒಪ್ಪಂದದ ಪ್ರಕಾರ 90,000 ಪೌಂಡ್ ಮತ್ತು ಅದಕ್ಕಿಂತ ಭಾರದ ಎಂಜಿನ್‌ಗಳಲ್ಲಿ ಚಾಲಕನ ಜೊತೆ ಫೈರ್‌ಮನ್ ಕೂಡ ಇರಬೇಕಿತ್ತು. ಅಲ್ಲಿನ ಟನ್ ಎಂದರೆ 2,000 ಪೌಂಡ್, 44 ಟನ್ ಎಂದರೆ 88,000. ಒಂದು ಸಂಬಳ ಉಳಿಯಿತು! ಬಡ ರೈಲ್ವೆಯ ಪ್ರತಿಯೊಂದು ವಸ್ತುವಿನ ಹಿಂದೆಯೂ ಇಂಥದೊಂದು ಲೆಕ್ಕಾಚಾರವಿರುತ್ತದೆ.

ಇನ್ನು ನನ್ನ ರೈಲು ಸುತ್ತುವುದಿಲ್ಲ, ಕೆಲಸ ಮಾಡುತ್ತದೆ. ಪ್ರತಿ ವ್ಯಾಗನ್‌ಗೂ ಒಂದು ಚೀಟಿ. ಇದರಲ್ಲಿರುವುದು ಏನು, ಯಾರು ಕಳಿಸಿದ್ದು, ಯಾರಿಗೆ ಸೇರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿ ನೋಡಿ ಎಳೆಯಬೇಕು, ತಳ್ಳಬೇಕು, ಬಿಡಿಸಬೇಕು, ಸೇರಿಸಬೇಕು. ಇದರಲ್ಲಿ ಒಂದು ಪ್ರಸಿದ್ಧ ಒಗಟಿದೆ. ಇಂಗ್ಲೆಂಡಿನ ಅಲನ್ ರೈಟ್ ಎಂಬುವರು ರೂಪಿಸಿದ ಇದನ್ನು ಅಮೆರಿಕದವರೂ ಬಳಸುತ್ತಾರೆ. ಮೂರು ಸೈಡಿಂಗ್‌ಗಳು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಮುಂದಿನ ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್‌ಗಷ್ಟೇ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿದಾಗ ಬಂದ ಐದನ್ನು ಬಂದ ಕ್ರಮದಲ್ಲೇ ಜೋಡಿಸಬೇಕು. ಎಂಟು ಗುಣಿಲೆ ಏಳು ಗುಣಿಲೆ ಆರು ಗುಣಿಲೆ ಐದು ಗುಣಿಲೆ ನಾಲ್ಕು, ಅಂದರೆ 6,720 ಬಗೆ. ದಿನಕ್ಕೊಂದರಂತೆ ಆಡಿದರೆ ಹದಿನೆಂಟು ವರ್ಷ ಬೇಕು.

ಬಿ.ಇ. ಎರಡನೇ ವರ್ಷದಲ್ಲಿ ನಮಗೆ ಡೈಕ್‌ಸ್ಟ್ರಾ ಅವರ ಒಂದು ಕ್ರಮವಿಧಿ ಪಾಠವಿತ್ತು. ಅದರ ಹೆಸರೇ ಶಂಟಿಂಗ್ ಯಾರ್ಡ್. ಅಂದು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅರ್ಥವಾಗಿದ್ದು ಈ ಹಲಗೆಯ ಮುಂದೆ ನಿಂತಾಗ. ಇನ್ನೊಂದು ವಿಷಯ ಹೇಳಲೇಬೇಕು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1946ರಿಂದ ಮಾದರಿ ರೈಲಿನ ವಿದ್ಯಾರ್ಥಿ ಸಂಘವೊಂದಿದೆ. ಮೇಜಿನಡಿ ಟೆಲಿಫೋನ್ ಎಕ್ಸ್‌ಚೇಂಜಿನ ಬಿಡಿಭಾಗಗಳಿಂದ ಸಿಗ್ನಲ್ ಕಟ್ಟುತ್ತಿದ್ದ ಆ ಹುಡುಗರೇ ಐವತ್ತರ ದಶಕದ ಕೊನೆಯಲ್ಲಿ ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತರು. ಇಂದು ಎಲ್ಲರ ಬಾಯಲ್ಲಿರುವ 'ಹ್ಯಾಕರ್' ಎಂಬ ಮಾತು ಕಂಪ್ಯೂಟರ್ ಲೋಕಕ್ಕೆ ಬಂದದ್ದು ಆ ಸಂಘದಿಂದ. ಹಾಗಾಗಿ ಆಟದ ರೈಲನ್ನು ಯಾರೂ ಹಗುರವಾಗಿ ಕಾಣಬೇಡಿ.

ಇನ್ನು ಎರಡು ರೈಲುಗಳ ಕಥೆ ಹೇಳಿ ಮುಗಿಸುತ್ತೇನೆ.

ಮೊದಲನೆಯದು ಮೇರಿಲ್ಯಾಂಡ್ ಅಂಡ್ ಪೆನ್ಸಿಲ್ವೇನಿಯಾ ರೈಲ್ವೆ. ಬಾಲ್ಟಿಮೋರ್‌ನಿಂದ ಯಾರ್ಕ್‌ವರೆಗೆ 77 ಮೈಲಿ, ಹಾವಿನಂತೆ ಸುತ್ತಿ ಬಳಸಿ ಹೋಗುತ್ತಿತ್ತು. ಜನ ಪ್ರೀತಿಯಿಂದ 'ಮಾ ಅಂಡ್ ಪಾ' ಎಂದು ಕರೆಯುತ್ತಿದ್ದರು, ಅಂದರೆ ಅಮ್ಮ-ಅಪ್ಪ. ಮಾದರಿ ರೈಲು ಕಟ್ಟುವವರಿಗೆ ಅದು ಅಚ್ಚುಮೆಚ್ಚು. ಎರಡನೆಯದು ಸ್ಟ್ರಾಸ್‌ಬರ್ಗ್ ರೈಲ್ವೆ. 1832ರಲ್ಲಿ ಅನುಮತಿ ಪಡೆದದ್ದು, ಉದ್ದ ಬರೀ ನಾಲ್ಕೂವರೆ ಮೈಲಿ. 1958ರ ಹೊತ್ತಿಗೆ ಎರಡರ ಸ್ಥಿತಿಯೂ ಕೆಟ್ಟಿತ್ತು. ಆ ವರ್ಷ ಮಾ ಅಂಡ್ ಪಾದ ಮೇರಿಲ್ಯಾಂಡ್ ಭಾಗ ಮುಚ್ಚಿಹೋಯಿತು. ಅದೇ ವರ್ಷ ಸ್ಟ್ರಾಸ್‌ಬರ್ಗನ್ನೂ ಮುಚ್ಚುವ ಮಾತು ನಡೆದಾಗ, ರೈಲನ್ನು ಪ್ರೀತಿಸುವ ಕೆಲವರು ಕೂಡಿ ದುಡ್ಡು ಹಾಕಿ ಕೊಂಡುಕೊಂಡರು. ಮರುವರ್ಷ ಪ್ರವಾಸಿಗರಿಗಾಗಿ ಓಡಿಸಿದರು. ನಾನು ಅದರಲ್ಲಿ ಕುಳಿತು ಬಂದಿದ್ದೇನೆ. ಇಂದಿಗೂ ಅದು ಜನರನ್ನಷ್ಟೇ ಅಲ್ಲ, ಸರಕನ್ನೂ ಸಾಗಿಸುತ್ತದೆ.

ಎರಡಕ್ಕೂ ಪ್ರೀತಿಸುವವರಿದ್ದರು. ಮುಚ್ಚಿಹೋದದ್ದರ ಚೆಂದದ ಮಾದರಿಗಳು ಉಳಿದವು. ಇನ್ನೊಂದರಲ್ಲಿ ರೈಲೇ ಉಳಿಯಿತು. ಇಲ್ಲದ್ದರ ನೆನಪಿಗೆ ಮಾದರಿ ಕಟ್ಟುವುದು ಸುಲಭ, ಇರುವುದನ್ನು ಓಡಿಸುವುದು ಕಷ್ಟ. ನಾನು ಮಾದರಿ ಕಟ್ಟುವವನು, ಅದಕ್ಕೇ ಈ ಮಾತು ನನಗೆ ಚುಚ್ಚುತ್ತದೆ.

ಶಾಲೆ ರೈಲ್ವೆಯಲ್ಲ. ಲಾಭ ನಷ್ಟದ ಲೆಕ್ಕ ಇಲ್ಲಿ ಸಲ್ಲದು. ಆದರೂ ಇಂದು ಬೆಳಿಗ್ಗೆ ಹಾಜರಿ ಪುಸ್ತಕ ನೋಡಿದೆ. ನಮ್ಮ ಕಾಲದಲ್ಲಿ ಎಂಟನೇ ತರಗತಿಗೆ ಮೂರು ವಿಭಾಗಗಳಿದ್ದವು. ಈಗ ಒಂದೇ, ಅದರಲ್ಲೂ ಬೆಂಚು ಖಾಲಿ. ಪಟ್ಟಣದ ಶಾಲೆಯ ಹಳದಿ ವ್ಯಾನು ನಮ್ಮ ಕೇರಿಯವರೆಗೂ ಬರುತ್ತಿದೆ. ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ, ನನ್ನ ಮಗಳೂ ಬೆಂಗಳೂರಿನಲ್ಲಿ ಅಂಥದೇ ವ್ಯಾನು ಹತ್ತುತ್ತಾಳೆ. ಈ ಸ್ಮರಣ ಸಂಚಿಕೆ ನಮ್ಮೆಲ್ಲರ ನೆನಪಿನ ಚೆಂದದ ಮಾದರಿ. ಅದು ಮಾ ಅಂಡ್ ಪಾದ ಮಾದರಿಯಾಗುವುದು ಬೇಡ ಎಂಬುದಷ್ಟೇ ನನ್ನ ಆಸೆ.

ಒಂಬತ್ತನೇ ತರಗತಿಯಲ್ಲಿ, ಅಡಿಕೆ ಕೊಯ್ಲಿನ ಕಾಲ. ಅಪ್ಪನಿಗೆ ಹುಷಾರಿರಲಿಲ್ಲ. ನಾನು ಮೂರು ವಾರ ಶಾಲೆಗೆ ಬರಲಿಲ್ಲ, ಮತ್ತೆ ಬರುವ ಯೋಚನೆಯೂ ಇರಲಿಲ್ಲ. ಒಂದು ಭಾನುವಾರ ನಮ್ಮ ಗಣಿತದ ಮೇಷ್ಟ್ರು ಆರು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಬೈಯಲಿಲ್ಲ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಸೋಮವಾರ ಬೀಜಗಣಿತ ಶುರು ಮಾಡ್ತೀನಿ, ನೀನಿಲ್ಲದೆ ಶುರು ಮಾಡಲ್ಲ" ಎಂದು ಹೋದರು. ಒಂದು ವ್ಯಾಗನ್‌ಗಾಗಿ ಹೊರಟ ಎಂಜಿನ್ ಅದು. ಅವರು ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸರ್, ನನ್ನ ಹಲಗೆಯ ಮೇಲೆ ಗಿರಣಿಯ ಹಿಂದಿನ ಹಾದಿಯಲ್ಲಿ ಸೈಕಲ್ ಹಿಡಿದು ನಿಂತ 21 ಮಿಲಿಮೀಟರಿನ ಒಬ್ಬ ಮನುಷ್ಯನಿದ್ದಾನೆ. ಅದು ನೀವೇ.

ಮೂರು ಸೈಡಿಂಗ್‌ಗಳ ಆ ಒಗಟನ್ನು ಬೇರೆ ಹಲಗೆಯ ಮೇಲೆ ಕಟ್ಟಿ ತಂದಿದ್ದೇನೆ. ವಿಜ್ಞಾನ ಕೊಠಡಿಯಲ್ಲಿದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ಮುರಿಯಲಿ. ರಿಪೇರಿಗೆ ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ. ನನ್ನ ಜೊತೆಯವರಲ್ಲಿ ಇನ್ನೂ ನಾಲ್ವರು, ತಮಗೆ ಗೊತ್ತಿರುವುದನ್ನು ಹೇಳಿಕೊಡಲು, ಉಳಿದ ಶನಿವಾರಗಳನ್ನು ಹಂಚಿಕೊಂಡಿದ್ದಾರೆ. ಇದರಿಂದ ಎಂಟನೇ ತರಗತಿಯ ಬೆಂಚುಗಳು ತುಂಬಿಬಿಡುತ್ತವೆ ಎಂದು ನಾನು ಹೇಳುವುದಿಲ್ಲ. ಮುಂದಿನ ಶನಿವಾರ ಒಬ್ಬರೇ ಬಂದರೂ ನಾವು ಬರುತ್ತೇವೆ ಎಂದಷ್ಟೇ ಹೇಳುತ್ತೇನೆ.

ಸಭೆ ಮುಗಿದ ಮೇಲೆ ಒಗಟು ಬಿಡಿಸಲು ಬನ್ನಿ ಮಕ್ಕಳೇ, 6,720 ಬಾಕಿ ಇವೆ.